ನಿಂಬೆಹಣ್ಣು ಇಡಲೊಪ್ಪದ ಭಟ್ಟರು

ತೀರ್ಥ ಕೊಡಲು ಮುಂದೆ ಬಂದ ಅವರ ಬಲಗೈಯ ಐದೂ ಉಗುರುಗಳ ಸುತ್ತ ಕಪ್ಪು ಗೆರೆಯಿತ್ತು. ಕಾಡಿಗೆ ತೀಡಿದ ಹಾಗೆ ಸಣ್ಣಗೆ, ಒಪ್ಪವಾಗಿ. ಬೆರಳ ಗೆಣ್ಣುಗಳ ಮಡಿಕೆಯಲ್ಲೂ ಅದೇ ಕಪ್ಪು. ಉಳಿದಂತೆ ಭಟ್ಟರು ಬಲು ಅಚ್ಚುಕಟ್ಟಿನ ಮನುಷ್ಯ. ಹಾಲಿನಂಥ ಬಿಳಿ ಪಂಚೆ, ಹೆಗಲ ಮೇಲೆ ಮಡಿಕೆ ಮುರಿಯದ ಶಲ್ಯ, ಹಣೆಯಲ್ಲಿ ಆಗಷ್ಟೇ ಇಟ್ಟ ಗಂಧ. ಆ ಬೆಳ್ಳಗಿನ ಮನುಷ್ಯನ ಕೈ ಮಾತ್ರ ಬೇರೆ ಯಾರದ್ದೋ ಅನ್ನಿಸುತ್ತಿತ್ತು. ನಾನು ಅಂಗೈ ಗುಳಿ ಮಾಡಿಕೊಂಡು ನಿಂತಲ್ಲೇ ನಿಂತೆ.

ದೆಹಲಿಯ ಲಕ್ಷ್ಮೀ ನಗರದಲ್ಲಿ ನಾವು ಫ್ಲ್ಯಾಟು ಕೊಂಡು ಗೃಹಪ್ರವೇಶ ಇಟ್ಟುಕೊಂಡಿದ್ದ ದಿನ ಅದು. ನಮ್ಮತ್ತೆಯ ಕಣ್ಣು ಅಂಥದ್ದನ್ನು ಬಿಟ್ಟೀತೇ? ತೀರ್ಥವನ್ನು ಕುಡಿಯದೆ ನಯವಾಗಿ ತಲೆಗೆ ಸವರಿಕೊಂಡರು. ಊಟದ ಎಲೆ ಎತ್ತಿದ ಮೇಲೆ ತಡೆಯಲಾರದೆ ಕೇಳಿಯೇಬಿಟ್ಟರು.

"ಭಟ್ರೆ, ತಪ್ಪು ತಿಳ್ಕೋಬೇಡಿ. ಉಗುರಿಗೆ ಏನಾಗಿದೆ?"

"ಗ್ರೀಸ್ ಅಮ್ಮ. ನನ್ನ ಗಾಡಿ ಆಕ್ಸಲ್ ಬೂಟ್ ಹರಿದಿತ್ತು, ನಿನ್ನೆ ಕೂತು ಬದಲಾಯಿಸ್ದೆ. ಸೀಗೆಪುಡಿ ಆಯ್ತು, ಹುಣಸೆಹಣ್ಣು ಆಯ್ತು, ಪಾತ್ರೆ ಸೋಪೂ ಆಯ್ತು. ಮಡಿಗೇನೂ ಕೊರತೆಯಿಲ್ಲ. ಬಣ್ಣ ಅಷ್ಟೇ ಉಳಿದಿರೋದು."

ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಪೌರೋಹಿತ್ಯ ಮಾಡುವವರು ಕಾರು ಓಡಿಸುವುದನ್ನು ನೋಡಿದ್ದೆವು. ಕಾರಿನಡಿಗೆ ನುಸುಳಿ ರಿಪೇರಿ ಮಾಡುವ ಭಟ್ಟರನ್ನು ನೋಡಿದ್ದು ಅದೇ ಮೊದಲು. ಅವರು ಹೋದ ಮೇಲೆ ಅತ್ತೆ, "ಒಳ್ಳೆ ಗ್ಯಾರೇಜ್ ಭಟ್ಟರನ್ನ ಹುಡುಕಿದೀಯ ಕಣೆ" ಎಂದು ಎರಡು ದಿನ ನನ್ನನ್ನು ಆಡಿಕೊಂಡರು. ಹುಡುಕಿದ್ದು ನಾನೇ ಆದ್ದರಿಂದ ತೆಪ್ಪಗಿದ್ದೆ.

ಭಟ್ಟರು ಸಂಸ್ಕೃತ ಓದಲೆಂದು ಚಿಕ್ಕ ವಯಸ್ಸಿಗೇ ದೆಹಲಿಗೆ ಬಂದವರಂತೆ. ಓದು ಮುಗಿದರೂ ಊರಿಗೆ ಹೋಗಲಿಲ್ಲ. ಮದುವೆಯಾಗಲಿಲ್ಲ. ಮುನೀರ್ಕಾದಲ್ಲಿ ಒಂದು ಕೋಣೆ, ಕೋಣೆಯ ಮುಂದೆ ಒಂದು ಹಳೆಯ ಬಿಳಿ ಕಾರು, ಇಷ್ಟು ಅವರ ಸಂಸಾರ. ಕಾರಿನ ಹಿಂದಿನ ಸೀಟಿನಲ್ಲಿ ಹೋಮಕುಂಡ, ತಾಮ್ರದ ಚೊಂಬುಗಳು, ದರ್ಭೆಯ ಕಟ್ಟು, ಪಂಚಾಂಗ. ಡಿಕ್ಕಿಯಲ್ಲಿ ಜ್ಯಾಕು, ನಟ್ಟು ಬಿಚ್ಚುವ ಪಾನಾಗಳು, ಸುತ್ತಿಗೆ, ಸೀಮೆಎಣ್ಣೆಯ ಡಬ್ಬಿ. ಬೆಳಗ್ಗೆ ದ್ವಾರಕಾದಲ್ಲಿ ನಾಮಕರಣ, ಮಧ್ಯಾಹ್ನ ನೊಯಿಡಾದಲ್ಲಿ ಸತ್ಯನಾರಾಯಣ ಪೂಜೆ, ಸಂಜೆ ಗುರುಗ್ರಾಮದಲ್ಲಿ ಮತ್ತೊಂದು. ಇಷ್ಟೆಲ್ಲ ಸಾಮಾನು ಹೊತ್ತು ಮೆಟ್ರೋದಲ್ಲಿ ಓಡಾಡಲಾದೀತೇ? ಗಾಡಿ ಕೆಟ್ಟರೆ ಅವರ ಬದುಕೇ ನಿಲ್ಲುತ್ತಿತ್ತು.

ಮಾತಿನಲ್ಲಿ ಹಾಸ್ಯವಿತ್ತು. ಗುರುಗ್ರಾಮದ ಯಾವುದೋ ಎತ್ತರದ ಕಟ್ಟಡದಲ್ಲಿ ಹೋಮದ ಹೊಗೆ ಏರಿ ಫೈರ್ ಅಲಾರಂ ಬಾಯಿ ಬಡಿದುಕೊಳ್ಳತೊಡಗಿದಾಗ, ಮನೆಯವರೆಲ್ಲ ದಿಕ್ಕೆಟ್ಟು ಓಡಾಡುತ್ತಿದ್ದರೆ ಇವರು, "ಮಂಗಳವಾದ್ಯ ಶುರುವಾಯ್ತಲ್ಲ, ಚಲೋ, ಪೂರ್ಣಾಹುತಿ ಮಾಡಿಬಿಡೋಣ" ಎಂದರಂತೆ. ಸಂಕಲ್ಪ ಮಾಡಿಸುವಾಗ ಎಲ್ಲರ ಗೋತ್ರ, ನಕ್ಷತ್ರ, ರಾಶಿ ಕೇಳುತ್ತಿದ್ದರು. ಒಂದು ಸಲ ಕೇಳಿದರೆ ಮುಗಿಯಿತು, ಮತ್ತೆ ಕೇಳುವ ಮನುಷ್ಯನಲ್ಲ. ನಮ್ಮ ಯಜಮಾನರು ದೆಹಲಿಯಲ್ಲೇ ಹುಟ್ಟಿ ಬೆಳೆದವರು. ತಮ್ಮ ನಕ್ಷತ್ರ ಅವರಿಗೆ ಇವತ್ತಿಗೂ ನೆನಪಿರುವುದಿಲ್ಲ. ಭಟ್ಟರಿಗೆ ನೆನಪಿರುತ್ತಿತ್ತು.

ಇನ್ನೊಂದು ವಿಷಯ ಹೇಳಬೇಕು. ನಮ್ಮ ಕಡೆ ಶುಭಕಾರ್ಯ ಮಾಡಿಸುವವರು ಬೇರೆ, ಸಾವಿನ ನಂತರದ ಅಪರಕರ್ಮ ಮಾಡಿಸುವವರು ಬೇರೆ. ಅಪರದವರನ್ನು ಮದುವೆ ಮುಂಜಿಗೆ ಕರೆಯುವುದಿಲ್ಲ. ದಾರಿಯಲ್ಲಿ ಎದುರಾದರೂ ಮುಖ ತಿರುಗಿಸುವವರಿದ್ದಾರೆ. ದೆಹಲಿಯಲ್ಲಿ ಈ ಭಟ್ಟರು ಎರಡನ್ನೂ ಮಾಡಿಸುತ್ತಿದ್ದರು. ಅದು ಗೊತ್ತಾದಾಗ ಅತ್ತೆ ಹೌಹಾರಿದರು. ಭಟ್ಟರದ್ದು ಒಂದೇ ಉತ್ತರ: "ಇಲ್ಲಿ ಸತ್ತವರಿಗೆ ಬೇರೆ ಭಟ್ಟನನ್ನ ಎಲ್ಲಿಂದ ತರೋಣ ಅಮ್ಮ? ಊರಿಂದ ರೈಲಲ್ಲಿ ಬರೋ ತನಕ ಹೆಣ ಕಾಯತ್ತಾ?" ಕರೆಯುವುದನ್ನು ನಾವು ಬಿಡಲಿಲ್ಲ. ಬೇರೆ ದಾರಿಯೂ ಇರಲಿಲ್ಲವೆನ್ನಿ.

ಆ ವರ್ಷ ಆಯುಧಪೂಜೆಗೂ ಅವರನ್ನೇ ಕರೆದೆವು. ಮಾರನೆಯ ದಿನ ವಿಜಯದಶಮಿ. ಬೆಳಗ್ಗೆ ಎದ್ದು ಕಾರಿನಲ್ಲಿ ಹರಿದ್ವಾರಕ್ಕೆ ಹೊರಡುವುದೆಂದು ನಿಶ್ಚಯವಾಗಿತ್ತು. ಅತ್ತೆಗೆ ಗಂಗಾಸ್ನಾನದ ಹಂಬಲ. ಮಂಡಿನೋವು ಹೆಚ್ಚುತ್ತಿತ್ತು, ಇನ್ನೊಂದು ವರ್ಷ ಬಿಟ್ಟರೆ ಘಾಟಿನ ಮೆಟ್ಟಿಲು ಇಳಿಯಲಾರೆ ಎಂದು ದಿನಾ ಹೇಳುತ್ತಿದ್ದರು. ಚಕ್ಕುಲಿ, ಕೋಡುಬಳೆ ಕರಿದು ಡಬ್ಬಿ ತುಂಬಿಸಿಯಾಗಿತ್ತು. ಬಟ್ಟೆಯ ಚೀಲ ಬಾಗಿಲ ಬಳಿ ಬಂದು ಕೂತಿತ್ತು.

ನಮ್ಮ ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ ಕಾರು ತೊಳೆದು, ಚೆಂಡುಹೂವಿನ ಹಾರ ಹಾಕಿ, ಚಕ್ರಗಳ ಮುಂದೆ ಇಡಲು ನಾಲ್ಕು ನಿಂಬೆಹಣ್ಣು, ಒಡೆಯಲು ಒಂದು ಬೂದುಗುಂಬಳ ಇಟ್ಟುಕೊಂಡು ಕಾದಿದ್ದೆವು. ಭಟ್ಟರು ಬಂದರು. ಬಂದವರು ಮಂತ್ರಕ್ಕೆ ಮೊದಲು ನಮ್ಮ ಯಜಮಾನರಿಗೆ, "ಸ್ಟಿಯರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ" ಎಂದರು. ಆಮೇಲೆ ಪಂಚೆ ಎತ್ತಿ ಕಟ್ಟಿ, ಶಲ್ಯವನ್ನು ಬಾನೆಟ್ಟಿನ ಮೇಲಿಟ್ಟು, ಮೊಬೈಲಿನ ಬೆಳಕು ಹಿಡಿದು ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ಮುಂದಿನ ಚಕ್ರದ ಹಿಂಭಾಗ ನೋಡಿದರು. ಅವರು ವಾಹನಪೂಜೆಗೆ ಹೋದಲ್ಲೆಲ್ಲ ಹೀಗೆ ಮಾಡುತ್ತಾರೆಂದು ನಮಗೆ ಗೊತ್ತಿರಲಿಲ್ಲ. ಇದೂ ಒಂದು ಶಾಸ್ತ್ರವಿರಬೇಕೆಂದು ಅತ್ತೆ ಕೈಮುಗಿದು ನಿಂತಿದ್ದರು.

ಭಟ್ಟರು ಎದ್ದರು. ತಟ್ಟೆಯಲ್ಲಿದ್ದ ನಿಂಬೆಹಣ್ಣನ್ನು ಮುಟ್ಟಲಿಲ್ಲ.

"ಪೂಜೆ ಆಗಲ್ಲ. ಆಕ್ಸಲ್ ಬೂಟ್ ಹರಿದಿದೆ."

ಹಬ್ಬದ ದಿನ, ಹೂವು ಮುಡಿದು ನಿಂತ ಹೆಂಗಸರ ಮುಂದೆ, ಪುರೋಹಿತರ ಬಾಯಲ್ಲಿ "ಪೂಜೆ ಆಗಲ್ಲ" ಎಂಬ ಮಾತು. ಅತ್ತೆಯ ಮುಖ ಬಿಳಿಚಿಕೊಂಡಿತು.

ನಮ್ಮ ಯಜಮಾನರು ಸಿಟ್ಟಾದರು. "ಅರೇ ಭಟ್ರೆ, ಹೋದ ತಿಂಗಳು ತಾನೆ ಸರ್ವೀಸ್ ಆಯ್ತು. ಸಬ್ ಠೀಕ್ ಹೈ ಅಂತ ಅವರೇ ಹೇಳಿದ್ರು."

"ಹೇಳಿರಬಹುದು. ಬಗ್ಗಿ ನೋಡಿ."

ಅವರೂ ಬಗ್ಗಿದರು, ಹಿಂದೆ ನಾನೂ ಬಗ್ಗಿದೆ. ಇಂಜಿನ್ನಿನ ಕಡೆಯಿಂದ ಚಕ್ರಕ್ಕೆ ಹೋಗುವ ಒಂದು ಕಬ್ಬಿಣದ ದಂಡ. ಅದು ಚಕ್ರಕ್ಕೆ ಕೂಡುವ ಕಡೆ ಹಾರ್ಮೋನಿಯಮ್ಮಿನ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ ಒಂದು ಕಪ್ಪು ರಬ್ಬರಿನ ಚೀಲ. ಅದರ ಒಂದು ಮಡಿಕೆ ಬಾಯಿ ಬಿಟ್ಟುಕೊಂಡಿತ್ತು. ಒಳಗಿನ ಗ್ರೀಸು ಚಕ್ರದ ಹಿಂಭಾಗಕ್ಕೆಲ್ಲ ಎರಚಿ ಮೆತ್ತಿತ್ತು.

"ಆ ರಬ್ಬರ್ ಒಳಗೆ ಒಂದು ಜಾಯಿಂಟ್ ಇರತ್ತೆ" ಎಂದು ಭಟ್ಟರು ನನಗೆ ಹೇಳಿದರು. "ಚಕ್ರ ತಿರುಗ್ತಾನೂ ಇರಬೇಕು, ಎಡಕ್ಕೆ ಬಲಕ್ಕೆ ಹೊರಳ್ತಾನೂ ಇರಬೇಕಲ್ಲ, ಅದಕ್ಕೆ ಅದು. ಗ್ರೀಸ್ ಹೊರಗೆ ಹೋದ್ರೆ ದೆಹಲಿ ಧೂಳೆಲ್ಲ ಒಳಗೆ. ಎಷ್ಟು ದಿನದಿಂದ ಹೀಗಿದೆಯೋ ಗೊತ್ತಿಲ್ಲ."

"ನಿಂಬೆಹಣ್ಣು ಇಟ್ಟು ಪೂಜೆ ಮಾಡಿಬಿಡಿ ಭಟ್ರೆ" ಎಂದರು ಅತ್ತೆ. "ದೇವರ ಮೇಲೆ ಭಾರ ಹಾಕಿ ಹೊರಡ್ತೀವಿ. ಹಬ್ಬದ ದಿನ ಇಲ್ಲ ಅನ್ನಬೇಡಿ, ಅಪಶಕುನ."

"ನಿಂಬೆಹಣ್ಣು ರಬ್ಬರ್ ಹೊಲಿಯಲ್ಲ ಅಮ್ಮ."

ಅಷ್ಟು ಗಡುಸಾಗಿ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮೇಲೆ ಹೊರಟುಹೋದರು.

ಹಬ್ಬಕ್ಕೆ ಗ್ಯಾರೇಜುಗಳೆಲ್ಲ ಮುಚ್ಚಿದ್ದವು. ಕಶ್ಮೀರಿ ಗೇಟಿನ ಬಿಡಿಭಾಗದ ಅಂಗಡಿಗಳೂ ತೆರೆದಿರಲಿಲ್ಲ. ಹರಿದ್ವಾರ ತಪ್ಪಿತು ಎಂದುಕೊಳ್ಳುತ್ತಿರುವಾಗ ಭಟ್ಟರು ತಮ್ಮ ಕಾರಿನ ಡಿಕ್ಕಿ ತೆಗೆದು ಪಾನಾಗಳ ಕೆಳಗಿನಿಂದ ಒಂದು ಪ್ಲಾಸ್ಟಿಕ್ ಕವರು ಎಳೆದರು. ಹೊಸ ಬೂಟು, ಅದನ್ನು ಬಿಗಿಯುವ ಎರಡು ಕ್ಲಾಂಪು, ಒಂದು ಪೊಟ್ಟಣ ಗ್ರೀಸು. "ನನ್ನ ಗಾಡಿಗೆ ಅಂತ ತಂದಿಟ್ಕೊಂಡಿದ್ದು. ಎರಡೂ ಒಂದೇ ಕಂಪನಿ ಗಾಡಿ, ಹಿಡಿಯತ್ತೆ. ಒಂದು ಹಳೆ ಲುಂಗಿ, ಬನಿಯನ್ ಕೊಡಿ" ಎಂದರು.

ಹಬ್ಬದ ದಿನ ಪುರೋಹಿತರು ಯಜಮಾನರ ಲುಂಗಿ ಉಟ್ಟು ಪಾರ್ಕಿಂಗಿನ ನೆಲದ ಮೇಲೆ ಹಳೆಯ ಪೇಪರು ಹಾಸಿ ಮಲಗಿದರೆ ನೋಡಿದವರು ಏನೆಂದಾರು? ಮೇಲಿನ ಮನೆಯ ಪಂಜಾಬಿ ಆಂಟಿ ಬಾಲ್ಕನಿಯಿಂದ, "ಪಂಡಿತ್‌ಜೀ ಕೋ ಕ್ಯಾ ಹೋ ಗಯಾ?" ಎಂದು ಗಾಬರಿಯಿಂದ ಕೂಗಿದರು. ಬಿದ್ದುಬಿಟ್ಟಿದ್ದಾರೆ ಎಂದುಕೊಂಡಿರಬೇಕು ಪಾಪ. ನಾನು ಏನೂ ಆಗಿಲ್ಲವೆಂದು ಕೈಯಾಡಿಸಿದೆ.

ಕೆಲಸ ಶುರುವಾಯಿತು. ಕಾರು ನೆಲದ ಮೇಲಿರುವಾಗಲೇ ಚಕ್ರದ ನಡುವಿನ ದೊಡ್ಡ ನಟ್ಟು ಸಡಿಲಿಸಬೇಕು. ನಮ್ಮ ಯಜಮಾನರು ಪಾನಾದ ತುದಿಗೆ ಕೊಳವೆ ಸಿಕ್ಕಿಸಿ, ಅದರ ಮೇಲೆ ಹತ್ತಿ ನಿಂತು ಕುಣಿದ ಮೇಲೆ ಅದು ಮಿಸುಕಿತು. ಆಮೇಲೆ ಜ್ಯಾಕು ಏರಿಸಿ ಚಕ್ರ ಬಿಚ್ಚಿದರು. ಬಿಚ್ಚಿದ ಚಕ್ರವನ್ನು ಕಾರಿನ ಬಾಗಿಲ ಕೆಳಗಿನ ಅಂಚಿನಡಿಗೆ ಮಲಗಿಸಿ ತಳ್ಳಿದರು. ಜ್ಯಾಕು ಜಾರಿದರೂ ಕಾರು ಚಕ್ರದ ಮೇಲೆ ಕೂರಲಿ, ತಮ್ಮ ಮೇಲೆ ಬೇಡ ಎಂದರು. ಕೆಳಗಿನ ಬೋಲ್ಟು ಬಿಚ್ಚಿ, ದಂಡವನ್ನು ಹೊರಗೆಳೆದು, ಸುತ್ತಿಗೆಯಿಂದ ಬಡಿದು ಜಾಯಿಂಟನ್ನು ಕಳಚಿದರು. ನನ್ನ ಕೆಲಸ ಬೆಳಕು ಹಿಡಿಯುವುದು.

ಜಾಯಿಂಟನ್ನು ಅಂಗೈಯಲ್ಲಿಟ್ಟು ನನ್ನ ಕಿವಿಯ ಹತ್ತಿರ ಹಿಡಿದು ತಿರುಗಿಸಿದರು. ಕರಕರ ಎಂದಿತು. ಅಕ್ಕಿಯಲ್ಲಿ ಕಲ್ಲು ಸಿಕ್ಕಾಗ ಹಲ್ಲಿಗೆ ಬರುವ ಸದ್ದು.

"ಈ ಮರಳು ಇಟ್ಕೊಂಡು ನಾಳೆ ನಿಮ್ಮತ್ತೆಯವರನ್ನ ಕೂರಿಸ್ಕೊಂಡು ಹೋಗ್ತಿದ್ರಿ" ಎಂದರು.

ಯಜಮಾನರು ಸೀಮೆಎಣ್ಣೆ ಸಾಲದೆಂದು ಪೆಟ್ರೋಲ್ ತರಲು ಹೋಗಿದ್ದರು. ಭಟ್ಟರು ಇದ್ದಷ್ಟು ಸೀಮೆಎಣ್ಣೆಯಲ್ಲೇ ಜಾಯಿಂಟನ್ನು ತೊಳೆಯುತ್ತ ಕೂತಿದ್ದರು. ನಾನು ಸುಮ್ಮನಿರಲಾರದೆ ಕೇಳಿದೆ. "ನಿಮಗೆ ಯಾಕೆ ಭಟ್ರೆ ಇದೆಲ್ಲ? ಪೂಜೆ ಮಾಡಿ ದಕ್ಷಿಣೆ ತಗೊಂಡು ಹೋದ್ರೆ ಯಾರು ಬೇಡ ಅಂತಾರೆ?"

ಅವರು ತಲೆಯೆತ್ತಲಿಲ್ಲ.

"ಗುರುಗ್ರಾಮದಲ್ಲಿ ಒಂದು ಹುಡುಗ. ಮದುವೆಯಾಗಿ ವರ್ಷ ಆಗಿರಲಿಲ್ಲ. ಸೆಕೆಂಡ್‌ಹ್ಯಾಂಡ್ ಗಾಡಿ ತಗೊಂಡು ಪೂಜೆಗೆ ಕರೆದಿದ್ದ. ನಾನೇ ಮಾಡ್ದೆ. ನಿಂಬೆಹಣ್ಣಿನ ಮೇಲೆ ಹತ್ತಿಸಿ ಗೇಟಿನ ಕಡೆ ಗಾಡಿ ತಿರುಗಿಸ್ದ. ಕಟ ಕಟ ಕಟ ಅಂತು. ನಾನು ಕೇಳಿಸ್ಕೊಂಡೆ. ನಿಂಬೆಹಣ್ಣಿನ ಬೀಜವೋ ಕಲ್ಲೋ ಸಿಕ್ಕಿರಬೇಕು ಅಂದ್ಕೊಂಡು, ಶುಭಂ ಅಂತ ಅಕ್ಷತೆ ಹಾಕ್ದೆ."

ಸೀಮೆಎಣ್ಣೆಯಲ್ಲಿ ಅವರ ಬೆರಳುಗಳು ಆಡುತ್ತಲೇ ಇದ್ದವು.

"ತಿಂಗಳು ತುಂಬಿರಲಿಲ್ಲ. ಹೈವೇಲಿ ಮುಂದಿನ ಚಕ್ರ ಬಿಗಿದು ಗಾಡಿ ಅಡ್ಡ ತಿರುಗ್ತಂತೆ. ಹಿಂದೆ ಟ್ರಕ್. ಆ ಹುಡುಗನ ತಮ್ಮನ ಕೈಯಲ್ಲಿ ಪಿಂಡ ಹಾಕಿಸಿದವನೂ ನಾನೇ. ಪೂಜೆ ಮಾಡಿದವನೂ ನಾನೇ ತಾಯಿ, ಪಿಂಡ ಹಾಕಿಸಿದವನೂ ನಾನೇ."

ನನ್ನ ಕೈಯಲ್ಲಿದ್ದ ಮೊಬೈಲಿನ ಬೆಳಕು ಗೋಡೆಯ ಕಡೆ ಹೋಗಿತ್ತು. ಅವರೇ ನನ್ನ ಮಣಿಕಟ್ಟು ಹಿಡಿದು ಬೆಳಕನ್ನು ಸರಿಮಾಡಿಕೊಂಡರು.

"ಅದು ಇದರಿಂದಲೇ ಆಯ್ತು ಅಂತ ಹೇಗೆ ಹೇಳ್ತೀರಿ?" ಎಂದೆ. ಏನಾದರೂ ಅನ್ನಲೇಬೇಕಿತ್ತು.

"ಗಾಡಿ ಬಿಚ್ಚಿದ ಮೆಕ್ಯಾನಿಕ್ ಹೇಳ್ದ. ಅವನು ಹೇಳದೇ ಇದ್ರೂ, ನಾನು ಕೇಳಿದ್ದೆನಲ್ಲ ಆ ಶಬ್ದ. ಅವನ ಹೆಂಡತಿ, ಆ ಹುಡುಗೀಗೂ ಹೇಳಿದೀನಿ, ನಾನು ಕೇಳಿಸ್ಕೊಂಡಿದ್ದೆ ಅಂತ. ಆಮೇಲೆ ಆ ಮೆಕ್ಯಾನಿಕ್ ಹತ್ರವೇ ಹೋಗಿ ಕಲಿತ್ಕೊಂಡೆ. ಬಗ್ಗಿ ನೋಡದೆ ಇನ್ನು ಯಾವ ಗಾಡಿಗೂ ನಿಂಬೆಹಣ್ಣು ಇಡಲ್ಲ."

ಆ ಹುಡುಗಿಯ ಎದುರು ನಿಂತು ಆ ಮಾತು ಹೇಳಲು ಎಷ್ಟು ಗಟ್ಟಿ ಎದೆ ಬೇಕು! ನಾನಾಗಿದ್ದರೆ ಆ ಸದ್ದನ್ನು ಯಾರಿಗೂ ಹೇಳದೆ ನುಂಗಿಕೊಂಡು, ಆ ಬೀದಿಗೇ ಕಾಲಿಡುತ್ತಿರಲಿಲ್ಲ. ಆಕೆ ಏನೆಂದಳು ಎಂದು ಕೇಳಬೇಕೆನ್ನಿಸಿತು.

ಅಷ್ಟರಲ್ಲಿ ಯಜಮಾನರು ಬಂದರು. ಭಟ್ಟರು ಮಾಮೂಲಿನಂತಾದರು. "ಮೊದಲು ಬೂಟು, ಆಮೇಲೆ ಜಾಯಿಂಟು, ಮೊದಲು ಬೂಟು, ಆಮೇಲೆ ಜಾಯಿಂಟು" ಎಂದು ಗುನುಗುತ್ತ ಗ್ರೀಸು ತುಂಬಿದರು, ಜಾಯಿಂಟನ್ನು ದಂಡಕ್ಕೆ ಇಟ್ಟು ಸುತ್ತಿಗೆಯಿಂದ ನಾಲ್ಕು ಬಿಗಿದರು. ಟಕ್ಕೆಂದು ಕೂತುಕೊಂಡಿತು. ಬೆವರೊರೆಸಿಕೊಂಡು ಪಕ್ಕಕ್ಕೆ ತಿರುಗಿದರೆ ಹೊಸ ಬೂಟು ಪೇಪರಿನ ಮೇಲೆ ಹಾಯಾಗಿ ಕೂತಿದೆ! ಜಾಯಿಂಟು ಕೂರಿಸಿದ ಮೇಲೆ ಬೂಟು ತೂರಿಸಲು ದಾರಿಯೇ ಇಲ್ಲ. ಭಟ್ಟರು ಗ್ರೀಸಿನ ಕೈಯಲ್ಲೇ ಹಣೆ ಚಚ್ಚಿಕೊಂಡರು. ಗಂಧದ ಪಕ್ಕ ಕಪ್ಪು ಬಳಿದುಕೊಂಡಿತು.

"ಸಂಕಲ್ಪ ಬಿಟ್ಟು ಪೂಜೆ ಮಾಡಿದ ಹಾಗಾಯ್ತಲ್ಲಪ್ಪ!"

ಆ ಮುಖ ನೋಡಿ ನನಗೂ ಯಜಮಾನರಿಗೂ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಸ್ವಲ್ಪ ಹೊತ್ತಿನ ಹಿಂದೆ ಆ ಕಥೆ ಹೇಳಿದ್ದ ಮನುಷ್ಯ ಇವರೇನಾ ಎಂದು ನನಗೆ ಅನುಮಾನ ಬರುವಷ್ಟು ಜೋರಾಗಿ ನಕ್ಕರು. ಮತ್ತೆ ಬಡಿದು ಕಳಚಿ, ಬೂಟು ತೂರಿಸಿ, ಜಾಯಿಂಟು ಕೂರಿಸಿ, ಕ್ಲಾಂಪು ಬಿಗಿದು, ಎಲ್ಲವನ್ನೂ ಮೊದಲಿನಂತೆ ಜೋಡಿಸುವಾಗ ಹಬ್ಬದ ಅಡುಗೆ ಆರಿ ತಣ್ಣಗಾಗಿತ್ತು. ನಮ್ಮ ಮನೆಯಲ್ಲೇ ತಲೆಗೆ ಸ್ನಾನ ಮಾಡಿ, ತಮ್ಮ ಪಂಚೆ ಉಟ್ಟು, ಕೆಳಗಿಳಿದು ಬಂದು ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಯಜಮಾನರು ಕಾರನ್ನು ಎಡಕ್ಕೆ ಬಲಕ್ಕೆ ತಿರುಗಿಸುವಾಗ ಭಟ್ಟರು ಕಣ್ಣು ಮುಚ್ಚಿ, ಕಿವಿ ಆನಿಸಿ ನಿಂತಿದ್ದರು. ಯಾವ ಸದ್ದೂ ಬರಲಿಲ್ಲ. ಆಮೇಲೆ ಅಕ್ಷತೆ ಹಾಕಿದರು.

ಹರಿದ್ವಾರಕ್ಕೆ ಹೋಗಿ ಬಂದೆವು. ಅತ್ತೆ ಮಂಡಿ ಹಿಡಿದುಕೊಂಡೇ ಮೆಟ್ಟಿಲಿಳಿದು ಗಂಗೆಯಲ್ಲಿ ಮೂರು ಮುಳುಗು ಹಾಕಿದರು. ಹೋಗುವಾಗ ಬರುವಾಗ ಪ್ರತಿ ತಿರುವಿನಲ್ಲೂ ನಾನು ಚಕ್ರದ ಸದ್ದಿಗೆ ಕಿವಿಗೊಟ್ಟು ಕೂತಿದ್ದೆ. ಭಟ್ಟರು ಹೇಳಿದ್ದನ್ನು ಯಜಮಾನರಿಗೂ ಅತ್ತೆಗೂ ಹೇಳಿದೆ. ಯಜಮಾನರು ಕೆಳಗಿಳಿದು ಹೋಗಿ ಉಳಿದ ಚಕ್ರಗಳನ್ನೂ ಬಗ್ಗಿ ನೋಡಿ ಬಂದರು. ಅತ್ತೆಗೆ ಮಾತ್ರ ಆ ಕಥೆ ಬೇರೆಯೇ ರೀತಿ ನಾಟಿತು. "ಇವರು ಪೂಜೆ ಮಾಡಿದ ಗಾಡಿ ಹಾಗಾಯ್ತು ಅಂತ ಅವರ ಬಾಯಲ್ಲೇ ಬಂತಲ್ಲ. ಕೈಗುಣ ಅಂತ ಒಂದಿರತ್ತೆ ಕಣೆ. ಇನ್ಮೇಲೆ ಶುಭಕ್ಕೆ ಅವರು ಬೇಡ" ಎಂದರು. ನಾನು ಜಗಳವಾಡಿದೆ. ಅತ್ತೆ ಜಗ್ಗಲಿಲ್ಲ.

ಹಾಗೆ ಅಂದವರು ನಮ್ಮತ್ತೆ ಒಬ್ಬರೇ ಅಲ್ಲ. ಒಂದೊಂದು ಮನೆಯಲ್ಲೂ ಒಂದೊಂದು ಕಾರಣ. ಹೊಸ ಕಾರಿನ ಅಡಿ ಬಗ್ಗಿ ನೋಡಿ ಅವಮಾನ ಮಾಡಿದರೆಂದು ಒಬ್ಬರು, ಹಬ್ಬದ ದಿನ ಇಲ್ಲ ಎಂದರೆಂದು ಇನ್ನೊಬ್ಬರು, ಸ್ಮಶಾನಕ್ಕೆ ಹೋಗಿ ಬಂದ ಗಾಡಿಯಲ್ಲೇ ಬರುತ್ತಾರೆಂದು ಮತ್ತೊಬ್ಬರು. ಮೊಬೈಲಿನಲ್ಲೇ ಇಲ್ಲಿನ ಪಂಡಿತರನ್ನು ಬುಕ್ ಮಾಡುವ ಕಾಲ ಬಂತು. ಬರಬರುತ್ತ ಇವರಿಗೆ ಸಾವಿನ ಕರೆಗಳಷ್ಟೇ ಉಳಿದವು. ಮೆಟ್ರೋ ನಿಲ್ದಾಣದ ಹೊರಗೆ ಒಮ್ಮೆ ಸಿಕ್ಕಾಗ ಸಂಕೋಚದಿಂದ ಆ ಮಾತೆತ್ತಿದೆ.

"ಅಚ್ಛಾ ಬಿಡಿ ತಾಯಿ" ಎಂದರು. "ಸತ್ತವರು ಗಾಡಿ ಪೂಜೆ ಮಾಡಿಸಲ್ಲ. ನನಗೂ ಬಗ್ಗೋದು ತಪ್ತು, ಸೊಂಟ ನೋವು." ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಈ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಆಫೀಸಿನಲ್ಲಿ ಫೈಲು ಮುಂದಿಟ್ಟುಕೊಂಡು ಕೂತಿದ್ದಾಗ ಅವರ ಮನೆ ಮಾಲೀಕನ ಫೋನು ಬಂತು. "ಮೇಡಂಜೀ, ಪಂಡಿತ್‌ಜೀ ನಹೀಂ ರಹೇ." ಬೆಳಗಿನ ಸಂಧ್ಯಾವಂದನೆಗೆ ಕೂತವರು ಕೂತಲ್ಲೇ ಗೋಡೆಗೆ ಒರಗಿದ್ದರಂತೆ. ಡಾಕ್ಟರು ಬಂದು ನೋಡಿ ಹೃದಯ ನಿಂತಿದೆ ಎಂದರಂತೆ. ಫೋನು ಕಿವಿಯಲ್ಲೇ ಇತ್ತು. ನನಗೆ ಆ ಕ್ಷಣ ಹಿಂದಿಯೂ ತಿಳಿಯಲಿಲ್ಲ, ಕನ್ನಡವೂ ತಿಳಿಯಲಿಲ್ಲ. ಪಕ್ಕದ ಮೇಜಿನವರು ನೀರು ತಂದುಕೊಟ್ಟರು.

ಕನ್ನಡದವರ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದೆ. ಸಂಜೆ ಯಮುನೆಯ ದಡದ ಸ್ಮಶಾನ ನಿಗಮಬೋಧ ಘಾಟಿನಲ್ಲಿ ಅಷ್ಟೊಂದು ಜನ ಸೇರುತ್ತಾರೆಂದು ನಾನು ಎಣಿಸಿರಲಿಲ್ಲ. ಕರೆಯುವುದನ್ನು ಬಿಟ್ಟವರೂ ಬಂದಿದ್ದರು. ಬೇಡವೆಂದರೂ ಕೇಳದೆ ಅತ್ತೆಯೂ ಮಂಡಿ ಎಳೆದುಕೊಂಡು ಬಂದರು. ನಡುವೆ ಮಾವನವರು ತೀರಿಕೊಂಡಾಗ ಕರ್ಮಗಳನ್ನೆಲ್ಲ ಮಾಡಿಸಿದ್ದು ಇದೇ ಭಟ್ಟರು.

ಅಲ್ಲಿ ನಿಂತಾಗ ಒಂದು ವಿಷಯ ನಮ್ಮೆಲ್ಲರಿಗೂ ಒಟ್ಟಿಗೇ ಹೊಳೆದಿರಬೇಕು. ಅಲ್ಲಿದ್ದ ಪ್ರತಿಯೊಂದು ಮನೆಯ ಸಾವಿಗೂ ಮಂತ್ರ ಹೇಳಿದವರಿಗೆ ಮಂತ್ರ ಹೇಳಲು ಕನ್ನಡದ ಒಬ್ಬ ಭಟ್ಟರೂ ಇಲ್ಲ. ಕೊನೆಗೆ ಘಾಟಿನ ಪಂಡಿತನನ್ನೇ ಕರೆದೆವು. ಆತ ದರ್ಭೆ ಬಿಡಿಸಿಕೊಳ್ಳುತ್ತ, "ನಾಮ್?" ಎಂದ. ಮನೆ ಮಾಲೀಕ ಆಧಾರ್ ಕಾರ್ಡು ತಂದಿದ್ದ, ನೋಡಿ ಹೇಳಿದ. ಅಷ್ಟು ವರ್ಷದಲ್ಲಿ ಅವರ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

"ಗೋತ್ರ್?"

ಯಜಮಾನರು ನನ್ನ ಕಡೆ ನೋಡಿದರು. ನಾನು ಅತ್ತೆಯ ಕಡೆ ನೋಡಿದೆ. ನಮ್ಮೆಲ್ಲರ ಗೋತ್ರ, ನಕ್ಷತ್ರಗಳನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡಿದ್ದವರ ಗೋತ್ರ ಅಲ್ಲಿದ್ದ ಒಬ್ಬರಿಗೂ ಗೊತ್ತಿರಲಿಲ್ಲ. ಒಂದು ದಿನ ಕೂಡ ಯಾರೂ ಕೇಳಿರಲಿಲ್ಲ. ನಾಚಿಕೆಗಿಂತ ಹೆಚ್ಚಾಗಿ ನನಗೆ ಭಯವಾಯಿತು. ಒಬ್ಬ ಮನುಷ್ಯ ಇಷ್ಟು ಮನೆಗಳ ಒಳಕೋಣೆಯವರೆಗೆ ಬಂದು ಹೋಗಿ, ಇಷ್ಟು ಅಪರಿಚಿತನಾಗಿ ಉಳಿಯಬಹುದೇ?

"ಪತಾ ನಹೀಂ ಹೈ ತೋ ಕಶ್ಯಪ್ ಲಗಾ ದೇತೇ ಹೈಂ" ಎಂದ ಪಂಡಿತ. ಗೋತ್ರ ಗೊತ್ತಿಲ್ಲದ ಅನಾಥ ಹೆಣಗಳಿಗೆ ಹಾಗೆ ಮಾಡುವುದು ರೂಢಿ. ಯಜಮಾನರು ತಲೆಯಾಡಿಸಲು ಹೊರಟಿದ್ದರು.

"ಕಶ್ಯಪ ಅಲ್ಲ."

ಗುಂಪಿನ ಹಿಂದಿನಿಂದ ಒಬ್ಬಳು ಮುಂದೆ ಬಂದಳು. ಮೂವತ್ತರ ಆಸುಪಾಸು, ತಿಳಿ ಬಣ್ಣದ ಚೂಡಿದಾರ, ಕೊರಳಿನಲ್ಲಿ ಇನ್ನೂ ಆಫೀಸಿನ ಗುರುತಿನ ಕಾರ್ಡು ನೇತಾಡುತ್ತಿತ್ತು. ನಮ್ಮಲ್ಲಿ ಯಾರಿಗೂ ಪರಿಚಯವಿರಲಿಲ್ಲ. ಅವಳು ಎರಡೂ ಕೈಗಳಿಂದ ಕಿವಿ ಮುಟ್ಟಿಕೊಂಡು, "ಅಭಿವಾದಯೇ" ಎಂದು ಶುರುಮಾಡಿದಳು. ಋಷಿಗಳ ಹೆಸರು, ಗೋತ್ರ, ಸೂತ್ರ, ಶಾಖೆ, ಕೊನೆಗೆ ಭಟ್ಟರ ಹೆಸರಿಗೆ ಶರ್ಮಾ ಸೇರಿಸಿ, ಒಂದೂ ತಪ್ಪಿಲ್ಲದೆ, ಒಂದೇ ಉಸಿರಿಗೆ ಮುಗಿಸಿದಳು. ಮುಂಜಿಯಾದ ಹುಡುಗರು ಹಿರಿಯರ ಕಾಲಿಗೆ ಬೀಳುವಾಗ ತಾನು ಇಂಥವನೆಂದು ಹೇಳಿಕೊಳ್ಳುವ ಪ್ರವರ ಅದು. ಹೆಂಗಸರು ಹೇಳಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಪಂಡಿತನ ಕೈಯಲ್ಲಿದ್ದ ದರ್ಭೆ ಹಾಗೇ ನಿಂತಿತು.

ಅತ್ತೆ ಮೆಲ್ಲಗೆ ಕೇಳಿದರು. "ನಿನಗೆ ಇದು ಹೇಗಮ್ಮ ಗೊತ್ತು?"

"ನಾನು ಗುರುಗ್ರಾಮದಲ್ಲಿರೋದು ಆಂಟಿ. ನನ್ನ ಹಸ್ಬೆಂಡ್ ಗಾಡಿಗೆ ಇವರೇ ಪೂಜೆ ಮಾಡಿದ್ದು" ಎಂದಳು. ಭಟ್ಟರು ಹೇಳಿದ್ದ ಆ ಹುಡುಗಿ ಇವಳೇ. "ವರ್ಷವರ್ಷವೂ ಹಸ್ಬೆಂಡ್ ತಿಥಿ ದಿನ ಬರ್ತಿದ್ರು. ಎಲ್ಲ ಮಾಡಿಸಿ, ಹೊರಡೋ ಮುಂಚೆ ಹೀಗೇ ಕಿವಿ ಮುಟ್ಕೊಂಡು, ಇದನ್ನ ಹೇಳಿ, ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡ್ತಿದ್ರು. ಬೇಡ ಭಟ್ರೆ, ನಾನು ಚಿಕ್ಕವಳು ಅಂತ ಅಳ್ತಿದ್ದೆ, ಕಾಲು ಹಿಂದಕ್ಕೆ ಎಳ್ಕೋತಿದ್ದೆ. ನಿಮ್ಮದೇನೂ ತಪ್ಪಿಲ್ಲ ಅಂತ ಎಷ್ಟು ಸಲ ಹೇಳಿದೀನಿ. 'ಅಚ್ಛಾ ತಾಯಿ' ಅಂತಿದ್ರು. ಮತ್ತೆ ಮುಂದಿನ ವರ್ಷ ಬಂದು ಮಾಡ್ತಿದ್ರು. ಕೇಳಿ ಕೇಳಿ ನನಗೆ ಬಾಯಿಗೇ ಬಂದ್ಬಿಟ್ಟಿದೆ."

ಅತ್ತೆ ನನ್ನ ತೋಳನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದುಕೊಂಡರು. ಹಿರಿಯ ಪುರೋಹಿತನೊಬ್ಬ ಚಿಕ್ಕ ವಯಸ್ಸಿನ ವಿಧವೆಯ ಕಾಲಿಗೆ ಪ್ರವರ ಹೇಳಿ ಬೀಳುವುದು ನಮ್ಮತ್ತೆಯ ಲೋಕದಲ್ಲಿ ಆಗುವ ಮಾತೇ ಅಲ್ಲ. ನನ್ನ ಲೋಕದಲ್ಲೂ ಅಲ್ಲ. ಅಲ್ಲಿ ನಿಂತಿದ್ದ ಯಾರಿಗೂ ತಕ್ಷಣ ಕಣ್ಣೀರು ಬರಲಿಲ್ಲ. ಅಷ್ಟು ದಿಗ್ಭ್ರಮೆಯಾಗಿತ್ತು.

ಪಂಡಿತ ಮಂತ್ರ ಹೇಳಿದ, ಈ ಸಲ ಸರಿಯಾದ ಗೋತ್ರದಿಂದ. ಆಮೇಲೆ ಬೆಂಕಿ ಕೊಡುವವರು ಯಾರೆಂದು ಕೇಳಿದ. ಗಂಡಸರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿರುವಾಗ ಅವಳು ಚಪ್ಪಲಿ ಬಿಟ್ಟು ಮುಂದೆ ಹೋಗಿ ಕೈಚಾಚಿದಳು. ಪಂಡಿತ ಹಿಂಜರಿದು, ಇವರಿಗೆ ನೀವು ಏನಾಗಬೇಕು ಎಂದು ಕೇಳಿದ.

"ಆಪ್ ಇನಕೀ ಕೌನ್ ಲಗತೀ ಹೈಂ? ಬೇಟೀ?"

ಅವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.

"ನಹೀಂ" ಎಂದಳು. "ಯೇ ಜಿಸಕೋ ಪ್ರಣಾಮ್ ಕರತೇ ಥೇ, ಮೈಂ ವೋ ಹೂಂ." ಇವರು ನಮಸ್ಕಾರ ಮಾಡುತ್ತಿದ್ದುದು ಯಾರಿಗೋ, ಅವಳು ನಾನು ಎಂದು.

ಪಂಡಿತ ಮತ್ತೇನೂ ಕೇಳದೆ ಉರಿಯುವ ಕೊಳ್ಳಿಯನ್ನು ಅವಳ ಕೈಗೆ ಕೊಟ್ಟ.